ಒಂದೂವರೆ ಗೇಣು ದಾರದಲ್ಲಿ ಹದಿನಾಲ್ಕು ಸಾವಿರ ಕಿಲೋಮೀಟರ್

ಅದು ಹೂ ಕಟ್ಟುವ ದಾರ. ಬಾಳೆನಾರು ಸಿಗದ ದಿನಕ್ಕಿರಲಿ ಎಂದು ಅಮ್ಮ ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿ ಸುತ್ತಿಟ್ಟಿದ್ದ ಬಿಳಿ ದಾರ. ಅದರ ಒಂದು ತುದಿಯನ್ನು ಗ್ಲೋಬಿನಲ್ಲಿ ಬೆಂಗಳೂರಿನ ಮೇಲಿಟ್ಟು ಹೆಬ್ಬೆರಳಿನಿಂದ ಒತ್ತಿ ಹಿಡಿದೆ. ಇನ್ನೊಂದು ತುದಿಯನ್ನು ಸ್ಯಾನ್ ಫ್ರಾನ್ಸಿಸ್ಕೊ ಮೇಲಿಟ್ಟು ಎಳೆದೆ. ದಾರ ಸಡಿಲವಾಗಿದ್ದಾಗ ಪೆಸಿಫಿಕ್ ಸಾಗರದ ನಡುವೆ ಜೋಲಾಡುತ್ತಿತ್ತು. ಬಿಗಿ ಮಾಡುತ್ತ ಹೋದ ಹಾಗೆ ಅದು ಜಾರಿತು. ಜಪಾನು ಬಿಟ್ಟಿತು, ಚೀನಾದ ಮೇಲೆ ಹತ್ತಿತು, ಸೈಬೀರಿಯಕ್ಕೆ ನುಗ್ಗಿತು, ಕೊನೆಗೆ ಗ್ಲೋಬಿನ ನೆತ್ತಿಯ ತಿರುಪಿನಿಂದ ಬರೀ ಐದು ಸೆಂಟಿಮೀಟರ್ ಕೆಳಗೆ, ಆರ್ಕ್ಟಿಕ್ ಸಾಗರದ ಅಂಚಿನಲ್ಲಿ ಗಟ್ಟಿಯಾಗಿ ಕೂತಿತು! ನಾನು ಮತ್ತೆ ಸಡಿಲ ಬಿಟ್ಟೆ, ಮತ್ತೆ ಎಳೆದೆ. ಮತ್ತೆ ಅಲ್ಲಿಗೇ ಹೋಯಿತು. ಯಾರೋ ಅದರ ಕಿವಿಯಲ್ಲಿ ದಾರಿ ಹೇಳಿಕೊಟ್ಟ ಹಾಗೆ.

“ಅದ್ಯಾಕೆ ಮೇಲೆ ಹೋಗ್ತದೆ ಮಾರಾಯ? ಅಮೆರಿಕ ಆಚೆ ಪಕ್ಕದಲ್ಲಿ ಅಲ್ವಾ?” ಎಂದರು ಅಮ್ಮ.

ಇಡೀ ಸಂಜೆಗೆ ಕಾರಣವಾದದ್ದು ಅಮ್ಮನ ಇನ್ನೊಂದು ಪ್ರಶ್ನೆ. ಅಕ್ಕ ಸ್ಯಾನ್ ಫ್ರಾನ್ಸಿಸ್ಕೊ ಪಕ್ಕದಲ್ಲಿ ಮನೆ ಮಾಡಿ ಹದಿನೈದು ವರ್ಷವಾಯಿತು. 2023ರ ಡಿಸೆಂಬರಿನಲ್ಲಿ ತೀರ್ಥಹಳ್ಳಿಯ ನಮ್ಮ ಮನೆಗೆ ಬರುವವಳಿದ್ದಳು. “ಅವಳ ಊರು ಎಷ್ಟು ದೂರ?” ಎಂದು ಅಮ್ಮ ಕೇಳಿದರು. “ಹದಿನೇಳು ಗಂಟೆ” ಎಂದೆ. “ನಾನು ಕೇಳಿದ್ದು ದೂರ, ಹೊತ್ತಲ್ಲ” ಎಂದರು. ಅಷ್ಟೇ! ದೂರ ಕೇಳಿದರೆ ನಾವೆಲ್ಲ ಹೊತ್ತು ಹೇಳುತ್ತೇವೆ, ಈ ಎರಡೂ ಒಂದೇ ಎಂಬಂತೆ. ಅಕ್ಕನ ಮಗ ಚಿಕ್ಕವನಿದ್ದಾಗ ಬಿಟ್ಟುಹೋಗಿದ್ದ ಗ್ಲೋಬನ್ನು ಅಟ್ಟದಿಂದ ಇಳಿಸಿ ಧೂಳು ಒರೆಸಿದೆ. ಆ ಸಂಜೆಯಿಂದ ನನ್ನ ತಲೆಯೊಳಗೆ ಭೂಮಿ ತಿರುಗುವುದು ನಿಂತಿಲ್ಲ.

ಆ ಗ್ಲೋಬಿನ ಅಡ್ಡಳತೆ 30 ಸೆಂಟಿಮೀಟರ್. ಸುತ್ತಳತೆ 94 ಸೆಂಟಿಮೀಟರ್ ಆಯಿತು. ನಿಜವಾದ ಭೂಮಿಯ ಸುತ್ತಳತೆ ಸುಮಾರು 40,000 ಕಿಲೋಮೀಟರ್. ಅಂದರೆ ಗ್ಲೋಬಿನ ಒಂದು ಸೆಂಟಿಮೀಟರ್ ಎಂದರೆ ಸುಮಾರು 425 ಕಿಲೋಮೀಟರ್. ಬಿಗಿಯಾದ ದಾರಕ್ಕೆ ಎರಡೂ ತುದಿಯಲ್ಲಿ ಶಾಯಿ ಹಚ್ಚಿ, ಬಿಡಿಸಿ, ಸ್ಕೇಲಿನ ಮೇಲಿಟ್ಟೆ. 33 ಸೆಂಟಿಮೀಟರ್. ಒಂದೂವರೆ ಗೇಣು! ಗುಣಿಸಿದರೆ 14,000 ಕಿಲೋಮೀಟರ್. ಆಮೇಲೆ ಎರಡೂ ವಿಮಾನ ನಿಲ್ದಾಣಗಳ ಅಕ್ಷಾಂಶ ರೇಖಾಂಶ ಹಿಡಿದು ತ್ರಿಕೋನಮಿತಿಯ ಸೂತ್ರಕ್ಕೆ ಹಾಕಿದೆ. ಬಂದ ಉತ್ತರ 13,990 ಕಿಲೋಮೀಟರಿನ ಆಸುಪಾಸು. ಹೂ ಕಟ್ಟುವ ದಾರ ಭೂಮಿಯ ಮೂರನೇ ಒಂದು ಭಾಗವನ್ನು ಅಳೆದು, ಹತ್ತಾರು ಕಿಲೋಮೀಟರಿಗಿಂತ ಹೆಚ್ಚು ತಪ್ಪದೆ ನನ್ನ ಕೈಗೆ ಕೊಟ್ಟಿತ್ತು. ಆ ಹೊತ್ತಿಗೆ ಮೈ ಜುಮ್ಮೆಂದದ್ದನ್ನು ಈಗ ಬರೆಯುವಾಗಲೂ ನೆನೆಯುತ್ತಿದ್ದೇನೆ.

ಇದೇ ಎರಡು ಊರುಗಳನ್ನು ಶಾಲೆಯ ಗೋಡೆಯ ನಕ್ಷೆಯಲ್ಲಿ ಸ್ಕೇಲಿಟ್ಟು ಸೇರಿಸಿ ನೋಡಿ. ಗೆರೆ ಬಂಗಾಳ ಕೊಲ್ಲಿ ದಾಟಿ, ಫಿಲಿಪ್ಪೀನ್ಸಿನ ಉತ್ತರಕ್ಕೆ ಹಾದು, ಪೆಸಿಫಿಕ್ ಸಾಗರದ ಉದ್ದಕ್ಕೂ ಸಾಗಿ ಕ್ಯಾಲಿಫೋರ್ನಿಯ ಮುಟ್ಟುತ್ತದೆ. ನೋಡಿದರೆ ಇದಕ್ಕಿಂತ ನೇರ ಇನ್ನೊಂದಿಲ್ಲ ಅನಿಸುತ್ತದೆ. ಆದರೆ ಆ ಗೆರೆಯ ಮೇಲೆಯೇ ಹಾರಿದರೆ 16,100 ಕಿಲೋಮೀಟರ್ ಆಗುತ್ತದೆ! ನೇರವಾಗಿ ಕಾಣುವ ದಾರಿ 2,100 ಕಿಲೋಮೀಟರ್ ಸುತ್ತು. ಬೆಂಗಳೂರಿನಿಂದ ದೆಹಲಿಗೆ ಹಾರುವ ದೂರಕ್ಕಿಂತಲೂ ಹೆಚ್ಚು. 1569ರಲ್ಲಿ ಗೆರಾರ್ಡಸ್ ಮರ್ಕೇಟರ್ ಆ ಬಗೆಯ ನಕ್ಷೆ ಬರೆದದ್ದು ಹಡಗಿನವರಿಗಾಗಿ. ದಿಕ್ಸೂಚಿಯ ಒಂದೇ ಕೋನ ಹಿಡಿದು ಸಾಗುವವನಿಗೆ ಅದರಲ್ಲಿ ನೇರ ಗೆರೆ ಸಿಗುತ್ತದೆ. ಅದಕ್ಕೆ ತೆತ್ತ ಬೆಲೆ ಎಂದರೆ ಧ್ರುವದತ್ತ ಹೋದ ಹಾಗೆ ನೆಲ ಹಿಗ್ಗುತ್ತ ಹೋಗುವುದು. ಆಫ್ರಿಕ ಖಂಡದ ಹದಿನಾಲ್ಕರಲ್ಲಿ ಒಂದು ಪಾಲು ಇರುವ ಗ್ರೀನ್‌ಲ್ಯಾಂಡ್ ಅದರಲ್ಲಿ ಆಫ್ರಿಕದಷ್ಟೇ ದೊಡ್ಡದಾಗಿ ಕಾಣುತ್ತದೆ. ಧ್ರುವವಂತೂ ಆ ನಕ್ಷೆಯಲ್ಲಿ ಹಿಡಿಸುವುದೇ ಇಲ್ಲ. ನಾವು ಬಾಲ್ಯದಿಂದ ನೋಡುತ್ತ ಬಂದ ಗೋಡೆಯ ಮೇಲೆ, ಅಕ್ಕನ ಮನೆಗೆ ಹೋಗುವ ಹತ್ತಿರದ ದಾರಿ ನೇರವಾಗಿ ಕಾಣುತ್ತಲೇ ಇರಲಿಲ್ಲ!

ಅಮ್ಮನಿಗೆ ಇದನ್ನು ತಿಳಿಸಲು ಮೂಸಂಬಿ ತಂದೆ. ಎರಡು ಚುಕ್ಕಿ ಇಟ್ಟು, ಆ ಎರಡೂ ಚುಕ್ಕಿಗಳ ಮೂಲಕ ಹಣ್ಣಿನ ನಟ್ಟನಡುವಿಗೆ ಚಾಕು ಇಳಿಯುವಂತೆ ಕೊಯ್ದರೆ ಸಿಪ್ಪೆಯ ಮೇಲೆ ಬೀಳುವ ಗೆರೆಯೇ ಅತಿ ಹತ್ತಿರದ ದಾರಿ. ನಡುವಿಗೆ ಇಳಿಯದ ಯಾವ ಕೊಯ್ತವೂ ಅದಕ್ಕಿಂತ ಉದ್ದ. ಗಣಿತದವರು ಇದನ್ನು ಮಹಾವೃತ್ತ ಎನ್ನುತ್ತಾರೆ. ಅಮ್ಮ ಹಣ್ಣಿನ ಹೋಳು ತಿನ್ನುತ್ತ ಕೇಳಿದರು: “ಹಾಗಾದ್ರೆ ವಿಮಾನ ಈ ದಾರದ ಮೇಲೇ ಹೋಗ್ತದಾ?”

ದಾರ ಎಲ್ಲೆಲ್ಲಿ ಹಾದಿದೆ ಎಂದು ಲೆಕ್ಕ ಹಾಕಿ ಒಂದೊಂದೇ ಊರು ಹುಡುಕಿದಾಗ ನನಗೆ ಉಸಿರು ಕಟ್ಟಿದಂತಾಯಿತು. ಬೆಂಗಳೂರಿನ ವಿಮಾನ ನಿಲ್ದಾಣವಿರುವ ದೇವನಹಳ್ಳಿಯಿಂದ ಈಶಾನ್ಯಕ್ಕೆ, ಈಶಾನ್ಯಕ್ಕಿಂತಲೂ ಹೆಚ್ಚು ಉತ್ತರಕ್ಕೆ ಹೊರಟ ದಾರ ಉತ್ತರ ಪ್ರದೇಶದ ಪೂರ್ವ ಭಾಗ ದಾಟಿ ನೇಪಾಳದಲ್ಲಿ ಅನ್ನಪೂರ್ಣಾ ಶಿಖರಗಳ ಮಗ್ಗುಲಲ್ಲೇ ಹಾಯುತ್ತದೆ. ಟಿಬೆಟ್, ಮಂಗೋಲಿಯದ ಪಶ್ಚಿಮ ಭಾಗ, ಯಾಕೂತಿಯಾದ ಕಾಡು, ಪೂರ್ವ ಸೈಬೀರಿಯದ ಸಮುದ್ರ, ರಾಂಗೆಲ್ ದ್ವೀಪದ ದಕ್ಷಿಣದ ನೀರು. ಆಮೇಲೆ ಅಲಾಸ್ಕಕ್ಕೆ ಇಳಿದು ಉತ್ತರ ಅಮೆರಿಕದ ಅತಿ ಎತ್ತರದ ಡೆನಾಲಿ ಪರ್ವತದ ಪಕ್ಕದಲ್ಲಿ ಸಾಗಿ ಮತ್ತೆ ಸಮುದ್ರಕ್ಕೆ ಬೀಳುತ್ತದೆ. ಒಂದು ತುದಿಯಲ್ಲಿ ಅನ್ನಪೂರ್ಣಾ, ಇನ್ನೊಂದು ತುದಿಯಲ್ಲಿ ಡೆನಾಲಿ! ನಮ್ಮ ಮಕ್ಕಳು ಕೆಲಸ ಹುಡುಕಿಕೊಂಡು ಹೋದ ಊರಿಗೂ ನಮ್ಮ ಊರಿಗೂ ನಡುವೆ ಇರುವ ನೆಲ ಇಂಥದ್ದು ಎಂದು ನಾನು ಒಮ್ಮೆಯೂ ಯೋಚಿಸಿರಲಿಲ್ಲ.

ಆದರೆ ಅಮ್ಮನ ಪ್ರಶ್ನೆಗೆ ಉತ್ತರ: ಇಲ್ಲ, ವಿಮಾನ ಅದರ ಮೇಲೇ ಹೋಗುವುದಿಲ್ಲ. ವಿಮಾನದೊಳಗಿನ ಗಾಳಿಯ ಒತ್ತಡ ತಪ್ಪಿಹೋದರೆ ಪೈಲಟ್ ಕೆಲವೇ ನಿಮಿಷಗಳಲ್ಲಿ 10,000 ಅಡಿಯ ಹತ್ತಿರಕ್ಕೆ, ಅಂದರೆ ಮೂರು ಸಾವಿರ ಮೀಟರಿಗೆ ಇಳಿಸಬೇಕು. ತಲೆಯ ಮೇಲಿಂದ ಬೀಳುವ ಮುಖವಾಡಗಳಲ್ಲಿ ಆಮ್ಲಜನಕ ಇರುವುದು ಸಾಮಾನ್ಯವಾಗಿ ಕಾಲು ಗಂಟೆಯ ಆಸುಪಾಸಿಗೆ ಮಾತ್ರ. ಟಿಬೆಟ್ಟಿನ ನೆಲವೇ ಸರಾಸರಿ ನಾಲ್ಕೂವರೆ ಸಾವಿರ ಮೀಟರ್ ಎತ್ತರದಲ್ಲಿದೆ. ಇಳಿಯುವುದು ಎಲ್ಲಿಗೆ? ಹಾಗಾಗಿ ವಿಮಾನಗಳು ಸಾಮಾನ್ಯವಾಗಿ ಆ ಪ್ರಸ್ಥಭೂಮಿಯನ್ನು ಸುತ್ತಿ ಬಳಸಿ ಹೋಗುತ್ತವೆ.

ಬಳಸುವುದು ಎಂದರೆ ಎಲ್ಲಿಗೆ? ಇಲ್ಲಿದೆ ನನಗೆ ಸಿಕ್ಕ ಎರಡನೆಯ ನಿಧಿ. ದಾರವನ್ನು ಎತ್ತಿ ಗ್ಲೋಬಿನ ನೆತ್ತಿಯ ತಿರುಪಿನ ಮೇಲೇ ಹಾಯಿಸಿದೆ. ಬೆಂಗಳೂರಿನಿಂದ ಸೀದಾ ಉತ್ತರ ಧ್ರುವ, ಧ್ರುವದಿಂದ ಸೀದಾ ಕೆಳಗೆ ಸ್ಯಾನ್ ಫ್ರಾನ್ಸಿಸ್ಕೊ. ಎಷ್ಟು ಹೆಚ್ಚಾಯಿತು ಊಹಿಸಿ. ಒಂದು ಸೆಂಟಿಮೀಟರಿಗೂ ಕಡಿಮೆ! ಲೆಕ್ಕದಲ್ಲಿ ಸುಮಾರು 380 ಕಿಲೋಮೀಟರ್. ಹದಿನಾಲ್ಕು ಸಾವಿರ ಕಿಲೋಮೀಟರಿನ ಪ್ರಯಾಣಕ್ಕೆ ಅರ್ಧ ಗಂಟೆಗೂ ಕಡಿಮೆ ಹೊತ್ತು ಸೇರಿಸಿದರೆ ಭೂಮಿಯ ತುತ್ತತುದಿಯನ್ನೇ ದಾಟಿ ಮಗಳ ಮನೆ ಸೇರಬಹುದು.

2021ರ ಜನವರಿಯಲ್ಲಿ ನಾಲ್ವರು ಹೆಣ್ಣುಮಕ್ಕಳು ಇದನ್ನು ಮಾಡಿ ತೋರಿಸಿದರು. ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಎಲ್ಲೂ ನಿಲ್ಲದೆ ಬಂದ ಏರ್ ಇಂಡಿಯಾದ ಮೊದಲ ವಿಮಾನ ಅದು. ಕಾಕ್‌ಪಿಟ್‌ನಲ್ಲಿ ಜೋಯಾ ಅಗರವಾಲ್, ಪಾಪಗಾರಿ ತನ್ಮಯಿ, ಆಕಾಂಕ್ಷಾ ಸೋನವಾರೆ, ಶಿವಾನಿ ಮನ್ಹಾಸ್. ಜನವರಿ 9ರ ರಾತ್ರಿ ಎಂಟೂವರೆಗೆ ಹೊರಟ ವಿಮಾನ ಉತ್ತರ ಧ್ರುವದ ಮೇಲೆ ಹಾದು, ಸುಮಾರು ಹದಿನೇಳು ಗಂಟೆ ಹಾರಿ, ಜನವರಿ 11ರ ಬೆಳಗಿನ ಜಾವ ದೇವನಹಳ್ಳಿಯಲ್ಲಿ ಇಳಿಯಿತು. ತಾರೀಖುಗಳನ್ನು ಇನ್ನೊಮ್ಮೆ ಓದಿ. ಒಳಗಿದ್ದವರ ಪಾಲಿಗೆ ಜನವರಿ 10 ಎಂಬ ದಿನ ನೆಲದ ಮೇಲೆ ಇರಲೇ ಇಲ್ಲ. ಅದು ಇಡಿಯಾಗಿ ಆಕಾಶದಲ್ಲೇ ಹುಟ್ಟಿ ಆಕಾಶದಲ್ಲೇ ಮುಗಿಯಿತು.

ಧ್ರುವದ ಬಳಿ ಎಲ್ಲವೂ ತನ್ನ ರೀತಿಯನ್ನು ಬದಲಿಸಿಕೊಳ್ಳುತ್ತದೆ. ದಿಕ್ಸೂಚಿಯ ಮುಳ್ಳು ನಂಬಿಕೆ ಕಳೆದುಕೊಳ್ಳುತ್ತದೆ. ಕಾಂತ ಧ್ರುವ ಇರುವುದು ಬೇರೆ ಕಡೆ, ಅದೂ ಸರಿಯುತ್ತಲೇ ಇದೆ. ಹಾಗಾಗಿ ಪೈಲಟ್‌ಗಳು ಕಾಂತೀಯ ಉತ್ತರವನ್ನು ಬಿಟ್ಟು ನಿಜವಾದ ಉತ್ತರವನ್ನು ಹಿಡಿಯುತ್ತಾರೆ. ಭೂಮಧ್ಯರೇಖೆಯ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ನಿಂತಿರುವ ಸಂಪರ್ಕ ಉಪಗ್ರಹಗಳ ಕಣ್ಣಿಗೆ 82 ಡಿಗ್ರಿಯಿಂದಾಚೆಯ ನೆಲ ಭೂಮಿಯ ಬಾಗಿನ ಮರೆಗೆ ಬೀಳುತ್ತದೆ; ಅಲ್ಲಿ ಮತ್ತೆ ಹಳೆಯ ಕಾಲದ ಶಾರ್ಟ್‌ವೇವ್ ರೇಡಿಯೊ ಕೈಹಿಡಿಯುತ್ತದೆ. ಸೂರ್ಯನಲ್ಲಿ ಬಿರುಗಾಳಿ ಎದ್ದ ದಿನ ಆ ರೇಡಿಯೊ ಕೂಡ ಮೌನವಾಗುವುದರಿಂದ ಅಂದು ದಾರಿಯನ್ನೇ ದಕ್ಷಿಣಕ್ಕೆ ಸರಿಸುತ್ತಾರೆ. ಹದಿನೈದು ಕೋಟಿ ಕಿಲೋಮೀಟರ್ ಆಚೆ ಸೂರ್ಯನ ಮೈಮೇಲೆ ಏನೋ ಆದರೆ ಅಕ್ಕನ ವಿಮಾನ ತಡವಾಗುತ್ತದೆ!

ಇನ್ನು ಇಂಧನ. ವಿಮಾನಕ್ಕೆ ಹಾಕುವ ಜೆಟ್ ಎ-1 ಇಂಧನ ಮೈನಸ್ 47 ಡಿಗ್ರಿಯಲ್ಲಿ ಹೆಪ್ಪುಗಟ್ಟತೊಡಗುತ್ತದೆ. ಹೊರಗಿನ ಗಾಳಿ ಅದಕ್ಕಿಂತ ತಣ್ಣಗಿರುವುದು ಅಲ್ಲಿ ಸಾಮಾನ್ಯ. ರೆಕ್ಕೆಯೊಳಗಿನ ಇಂಧನ ತೀರಾ ತಣ್ಣಗಾಗುತ್ತಿದೆ ಎಂದು ಕಂಡರೆ ಪೈಲಟ್ ಏನು ಮಾಡುತ್ತಾರೆ ಗೊತ್ತೇ? ಬೆಚ್ಚಗಿನ ಪದರ ಹುಡುಕಿ ಕೆಳಗಿಳಿಯುತ್ತಾರೆ, ಇಲ್ಲವೇ ವೇಗ ಹೆಚ್ಚಿಸುತ್ತಾರೆ. ವೇಗ ಹೆಚ್ಚಿದರೆ ಗಾಳಿ ಒತ್ತಿ ಉಜ್ಜಿ ರೆಕ್ಕೆ ಬಿಸಿಯಾಗುತ್ತದೆ. ಚಳಿಯಲ್ಲಿ ಅಂಗೈ ಅಂಗೈ ಉಜ್ಜಿಕೊಳ್ಳುವ ನಮ್ಮ ಉಪಾಯವೇ ಧ್ರುವದ ಮೇಲೆಯೂ ನಡೆಯುತ್ತದೆ ಎಂದು ಓದಿದ ದಿನ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಆ ಮೊದಲ ಹಾರಾಟಕ್ಕೆ ಬಳಸಿದ್ದು ಬೋಯಿಂಗ್ 777-200ಎಲ್‌ಆರ್. ದೂರಕ್ಕೆಂದೇ ಹುಟ್ಟಿದ ವಿಮಾನ. ಇದೇ ಜಾತಿಯ ಒಂದು ವಿಮಾನ 2005ರ ನವೆಂಬರಿನಲ್ಲಿ ಹಾಂಗ್‌ಕಾಂಗ್‌ನಿಂದ ಪೂರ್ವದ ಕಡೆಯಿಂದಲೇ ಸುತ್ತಿ ಲಂಡನ್ ಸೇರಿತ್ತು. 21,600 ಕಿಲೋಮೀಟರ್, 22 ಗಂಟೆ 42 ನಿಮಿಷ. ಅದರ ಟ್ಯಾಂಕುಗಳಲ್ಲಿ ಸುಮಾರು 1,81,000 ಲೀಟರ್ ಹಿಡಿಯುತ್ತದೆ. ತುಂಬಿ ಏಳುವಾಗ ಒಟ್ಟು ತೂಕ ಹೆಚ್ಚೆಂದರೆ 347 ಟನ್. ಅದರಲ್ಲಿ ರೂಪಾಯಿಗೆ ಹತ್ತಿರ ಹತ್ತಿರ ಏಳಾಣೆಯಷ್ಟು ಬರೀ ಇಂಧನ! ಆ ಇಂಧನದ ಒಂದು ಪಾಲು ಖರ್ಚಾಗುವುದು ಉಳಿದ ಇಂಧನವನ್ನು ಹೊರುವುದಕ್ಕೇ. ದೂರದ ದಾರಿಗೆ ಬುತ್ತಿ ಕಟ್ಟಿದವನು, ಬುತ್ತಿ ಹೊತ್ತ ಹಸಿವಿಗೆಂದು ಇನ್ನೊಂದು ಬುತ್ತಿ ಕಟ್ಟಿದ ಹಾಗೆ. ಬೆಂಗಳೂರು ಇದಕ್ಕೆ ಇನ್ನೊಂದು ಕಷ್ಟ ಸೇರಿಸುತ್ತದೆ. ದೇವನಹಳ್ಳಿಯ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 915 ಮೀಟರ್ ಮೇಲಿದೆ, ಸ್ಯಾನ್ ಫ್ರಾನ್ಸಿಸ್ಕೊದ್ದು ಕೊಲ್ಲಿಯ ನೀರಿನ ಅಂಚಿನಲ್ಲಿ. ಎತ್ತರದಲ್ಲಿ ಗಾಳಿ ತೆಳು; ತೆಳು ಗಾಳಿಯಲ್ಲಿ ಅದೇ ಭಾರ ಎತ್ತಲು ಹೆಚ್ಚು ಓಟ ಬೇಕು. ನಮ್ಮ ಬೆಂಗಳೂರಿನ ಆ ಹಿತವಾದ ಹವೆಗೆ ಕಾರಣವಾದ ಎತ್ತರವೇ ಅಮೆರಿಕಕ್ಕೆ ಹೊರಟ ವಿಮಾನದ ಕಾಲಿಗೆ ತೊಡಕು.

ಈಗ ಹೊತ್ತಿನ ಮಾತು. ನನ್ನನ್ನು ಅತಿ ಹೆಚ್ಚು ಬೆರಗುಗೊಳಿಸಿದ್ದು ಇದೇ.

ಚಿಕ್ಕವನಿದ್ದಾಗ ಮೇಷ್ಟರನ್ನು ಕೇಳಿದ್ದೆ: ಭೂಮಿ ತಿರುಗುತ್ತಲೇ ಇದೆಯಲ್ಲ ಸಾರ್, ಹೆಲಿಕಾಪ್ಟರಿನಲ್ಲಿ ಮೇಲೆದ್ದು ಸುಮ್ಮನೆ ನಿಂತರೆ ಅಮೆರಿಕವೇ ಕೆಳಗೆ ಬಂದು ನಿಲ್ಲುವುದಿಲ್ಲವೇ? ಇಡೀ ತರಗತಿ ನಕ್ಕಿತು. ಮೇಷ್ಟರು ನಗಲಿಲ್ಲ. ಓಡುವ ಬಸ್ಸಿನೊಳಗೆ ಹಾರುವ ನೊಣ ಹಿಂದಿನ ಗಾಜಿಗೆ ಬಡಿಯುವುದಿಲ್ಲವಲ್ಲ, ಬಸ್ಸಿನೊಳಗಿನ ಗಾಳಿಯೂ ಬಸ್ಸಿನ ಜತೆಗೇ ಓಡುತ್ತಿರುತ್ತದೆ ಎಂದರು. ಭೂಮಿಯ ಗಾಳಿಯೂ ಹಾಗೆಯೇ. ಬೆಂಗಳೂರಿನ ನೆಲ ಪೂರ್ವಕ್ಕೆ ಗಂಟೆಗೆ 1,625 ಕಿಲೋಮೀಟರ್ ವೇಗದಲ್ಲಿ ತಿರುಗುತ್ತಿದೆ, ನಾವು ಚಹಾ ಕುಡಿಯುತ್ತ ಕೂತಿರುವಾಗಲೂ! ಯಾವ ಪ್ರಯಾಣಿಕ ವಿಮಾನಕ್ಕೂ ಇಂದು ಆ ವೇಗ ಇಲ್ಲ. ಸ್ಯಾನ್ ಫ್ರಾನ್ಸಿಸ್ಕೊದ ನೆಲಕ್ಕೆ ಗಂಟೆಗೆ 1,320 ಕಿಲೋಮೀಟರ್. ಧ್ರುವದಲ್ಲಿ ಸೊನ್ನೆ.

ಆದರೆ ಮೇಷ್ಟರೂ ನಾನೂ ಆಗ ಅರಿಯದ ಒಂದು ಮಾತಿದೆ. ಭೂಮಧ್ಯರೇಖೆಯ ಕಡೆಯ ಬಿಸಿಗಾಳಿ ಮೇಲೆದ್ದು ಉತ್ತರಕ್ಕೆ ಹೊರಟಾಗ, ತನ್ನ ಹುಟ್ಟೂರಿನ ಆ ಪೂರ್ವಾಭಿಮುಖ ವೇಗವನ್ನೂ ಕಟ್ಟಿಕೊಂಡು ಹೋಗುತ್ತದೆ. ಕೆಳಗಿನ ನೆಲದ ವೇಗ ಕಡಿಮೆಯಾಗುತ್ತ ಹೋಗುತ್ತದೆ, ಗಾಳಿ ಮಾತ್ರ ನೆಲವನ್ನು ಹಿಂದಿಕ್ಕಿ ಪೂರ್ವಕ್ಕೆ ನುಗ್ಗುತ್ತದೆ. ಬಿಸಿ ಮತ್ತು ತಣ್ಣನೆಯ ಗಾಳಿ ಎದುರಾಗುವ ಕಡೆ, ಒಂಬತ್ತು ಹನ್ನೆರಡು ಕಿಲೋಮೀಟರ್ ಎತ್ತರದಲ್ಲಿ, ಅದು ಹೊಳೆಯಾಗಿ ಹರಿಯುತ್ತದೆ. ಕೆಲವೊಮ್ಮೆ ಗಂಟೆಗೆ 300 ಕಿಲೋಮೀಟರಿಗೂ ಮೀರಿದ ವೇಗ! ಇದೇ ಜೆಟ್ ಸ್ಟ್ರೀಮ್. ಭೂಮಿಯ ತಿರುಗಾಟ ವಿಮಾನವನ್ನು ನೇರವಾಗಿ ಮುಟ್ಟದಿದ್ದರೂ, ಗಾಳಿಯ ಹೊಳೆಯಾಗಿ ಬಂದು ಅದನ್ನು ತಳ್ಳುತ್ತದೆ, ಇಲ್ಲವೇ ತಡೆಯುತ್ತದೆ. ನನ್ನ ಆ ಪ್ರಶ್ನೆಗೆ ಅರ್ಧ ಅಂಕವಾದರೂ ಸಿಗಬೇಕಿತ್ತು!

ಈ ಹೊಳೆಯನ್ನು ಅಳೆದವರಲ್ಲಿ ಮೊದಲಿಗರು ಜಪಾನಿನ ವಾಸಬುರೊ ಓಯಿಶಿ. ತತೆನೊ ಎಂಬಲ್ಲಿನ ವೀಕ್ಷಣಾಲಯದ ಮುಖ್ಯಸ್ಥರಾಗಿದ್ದ ಅವರು 1920ರ ದಶಕದಲ್ಲಿ ಬಲೂನು ಹಾರಿಬಿಟ್ಟು, ಅದು ಹೋದ ದಾರಿಯನ್ನು ದೂರದರ್ಶಕದಿಂದ ಹಿಂಬಾಲಿಸಿ, ಚಳಿಗಾಲದ ಮೇಲಾಕಾಶದಲ್ಲಿ ಸೆಕೆಂಡಿಗೆ 70 ಮೀಟರಿನ ಆಸುಪಾಸಿನ ಗಾಳಿ ಕಂಡರು. ಜಗತ್ತಿಗೆಲ್ಲ ತಿಳಿಯಲಿ ಎಂಬ ಆಸೆಯಿಂದ 1926ರಲ್ಲಿ ವರದಿಯನ್ನು ಎಸ್ಪೆರಾಂಟೊ ಭಾಷೆಯಲ್ಲಿ ಪ್ರಕಟಿಸಿದರು. ಎಲ್ಲ ದೇಶದವರಿಗೂ ಒಂದೇ ಭಾಷೆ ಇರಲಿ ಎಂದು ಕಟ್ಟಿದ ಭಾಷೆ ಅದು. ಎಲ್ಲರಿಗಾಗಿ ಬರೆದದ್ದನ್ನು ಓದಿದವರು ತೀರಾ ಕೆಲವರು. ಹದಿನೆಂಟು ವರ್ಷದ ಮೇಲೆ, 1944ರ ನವೆಂಬರಿನಲ್ಲಿ, ಟೋಕಿಯೊ ಮೇಲೆ ಎತ್ತರದಲ್ಲಿ ಹಾರಿದ ಅಮೆರಿಕದ ಬಿ-29 ಯುದ್ಧವಿಮಾನಗಳು ಅದೇ ಗಾಳಿಗೆ ಸಿಕ್ಕಿ ಗುರಿ ತಪ್ಪಿದವು. ಓಯಿಶಿಯವರ ಆ ವರದಿಯನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಅಷ್ಟು ದೊಡ್ಡ ಸಂಗತಿ ಅಷ್ಟು ವರ್ಷ ಓದುಗರಿಗಾಗಿ ಕಾದು ಕೂತಿತ್ತು.

ಇಂದು ಆ ಗಾಳಿ ಟಿಕೆಟಿನ ಮೇಲೇ ಅಚ್ಚಾಗಿರುತ್ತದೆ. ಹೋಗುವ ಹೊತ್ತಿಗೂ ಬರುವ ಹೊತ್ತಿಗೂ ವ್ಯತ್ಯಾಸ ಇರುವುದು ಅದರಿಂದಲೇ. ಸುಮ್ಮನೆ ಲೆಕ್ಕ ಹಾಕಿ ನೋಡಿ: ಗಂಟೆಗೆ 900 ಕಿಲೋಮೀಟರ್ ಹಾರುವ ವಿಮಾನಕ್ಕೆ 14,000 ಕಿಲೋಮೀಟರ್ ದಾಟಲು ಹದಿನೈದೂವರೆ ಗಂಟೆ. ದಾರಿಯುದ್ದಕ್ಕೂ ಬೆನ್ನಿಗೆ 150 ಕಿಲೋಮೀಟರಿನ ಗಾಳಿ ಸಿಕ್ಕರೆ ಹದಿಮೂರು ಗಂಟೆ ಚಿಲ್ಲರೆ. ಅದೇ ಗಾಳಿ ಎದುರಾದರೆ ಹದಿನೆಂಟೂವರೆ ದಾಟುತ್ತದೆ. ನೆಲ ಒಂದಿಂಚೂ ಕದಲಿಲ್ಲ, ಹೊತ್ತು ಐದು ಗಂಟೆ ಕದಲಿತು! 2020ರ ಫೆಬ್ರುವರಿಯಲ್ಲಿ ಕಿಯಾರಾ ಎಂಬ ಬಿರುಗಾಳಿ ಎದ್ದ ರಾತ್ರಿ ಬ್ರಿಟಿಷ್ ಏರ್‌ವೇಸ್‌ನ ಜಂಬೊ ಜೆಟ್ ಒಂದು ನ್ಯೂಯಾರ್ಕಿನಿಂದ ಲಂಡನ್ನಿಗೆ 4 ಗಂಟೆ 56 ನಿಮಿಷದಲ್ಲಿ ಬಂದುಬಿಟ್ಟಿತು. ನೆಲದ ಲೆಕ್ಕದಲ್ಲಿ ಅದರ ವೇಗ ಒಂದು ಹಂತದಲ್ಲಿ ಗಂಟೆಗೆ 1,327 ಕಿಲೋಮೀಟರ್ ಮುಟ್ಟಿತ್ತು.

ಇದಕ್ಕಿಂತ ದೊಡ್ಡ ಚಮತ್ಕಾರ ನಮ್ಮದೇ ದೇಶದ್ದು. ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಏರ್ ಇಂಡಿಯಾ ಮೊದಲು ಅಟ್ಲಾಂಟಿಕ್ ಕಡೆಯಿಂದ ಹಾರುತ್ತಿತ್ತು. ಆ ದಾರಿ ಸುಮಾರು 13,900 ಕಿಲೋಮೀಟರ್. 2016ರ ಅಕ್ಟೋಬರಿನಲ್ಲಿ ತಿರುಗಿ ನಿಂತು ಪೆಸಿಫಿಕ್ ಕಡೆಯಿಂದ ಹಾರಿತು. ದಾರಿ 15,300 ಕಿಲೋಮೀಟರ್ ಆಯಿತು, ಅಂದರೆ 1,400 ಕಿಲೋಮೀಟರ್ ಹೆಚ್ಚು. ಆದರೂ ಹದಿನಾಲ್ಕೂವರೆ ಗಂಟೆಯಲ್ಲಿ ತಲುಪಿತು, ಮೊದಲಿಗಿಂತ ಸುಮಾರು ಎರಡು ಗಂಟೆ ಬೇಗ! ದೂರ ಹೆಚ್ಚಿತು, ಹೊತ್ತು ಇಳಿಯಿತು. ಹೊಳೆಯ ಎದುರಿಗೆ ಹುಟ್ಟು ಹಾಕುವುದಕ್ಕಿಂತ ದೊಡ್ಡ ಸುತ್ತು ಹಾಕಿ ಹೊಳೆಯ ಜತೆ ತೇಲುವುದು ಲೇಸು ಎಂದು ನಮ್ಮ ತುಂಗೆಯ ದೋಣಿಯವರಿಗೆ ಹೇಳಿಕೊಡಬೇಕಾಗಿಲ್ಲ. “ನಾನು ಹೇಳಿದ್ನಲ್ಲ, ದೂರ ಬೇರೆ ಹೊತ್ತು ಬೇರೆ” ಎಂದರು ಅಮ್ಮ.

ಗಡಿಯಾರದ ಆಟ ಇನ್ನೊಂದು. ಬೆಂಗಳೂರಿನಿಂದ ಚಳಿಗಾಲದ ಮಧ್ಯಾಹ್ನ ಎರಡಕ್ಕೆ ಹೊರಟು ಪೂರ್ವಕ್ಕೆ ಹದಿನೇಳು ಗಂಟೆ ಹಾರಿದವರು ಅದೇ ತಾರೀಖಿನ ಸಂಜೆ ಐದೂವರೆಗೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಇಳಿಯುತ್ತಾರೆ. ಗೋಡೆ ಗಡಿಯಾರದ ಲೆಕ್ಕದಲ್ಲಿ ಮೂರೂವರೆ ಗಂಟೆ! ಬರುವಾಗ ಅದೇ ಹದಿನೇಳು ಗಂಟೆ ಗಡಿಯಾರದಲ್ಲಿ ಮೂವತ್ತೂವರೆಯಾಗಿ ಉಬ್ಬುತ್ತದೆ. ಕೊಟ್ಟದ್ದನ್ನು ಭೂಮಿ ಚುಕ್ತಾ ವಸೂಲಿ ಮಾಡಿಕೊಳ್ಳುತ್ತದೆ.

ಗಾಳಿಯಷ್ಟೇ ಬಲವಾಗಿ ದಾರಿಯನ್ನು ಬಗ್ಗಿಸುವ ಇನ್ನೊಂದಿದೆ, ಅದು ಮನುಷ್ಯರ ಜಗಳ. 2022ರಲ್ಲಿ ಯುಕ್ರೇನ್ ಯುದ್ಧ ಶುರುವಾದ ನಂತರ ರಷ್ಯಾ ತನ್ನ ಆಕಾಶವನ್ನು ಅಮೆರಿಕ, ಯುರೋಪಿನ ವಿಮಾನಗಳಿಗೆ ಮುಚ್ಚಿತು. ಹೆಲ್ಸಿಂಕಿಯಿಂದ ಟೋಕಿಯೊಗೆ ಒಂಬತ್ತು ಒಂಬತ್ತೂವರೆ ಗಂಟೆಯಲ್ಲಿ ಹೋಗುತ್ತಿದ್ದ ಫಿನ್‌ಏರ್ ವಿಮಾನ ಉತ್ತರ ಧ್ರುವ ಸುತ್ತಿ ಹದಿಮೂರು ಗಂಟೆ ಹಾರಬೇಕಾಯಿತು. ಧ್ರುವ ದಾಟಿದ ಪ್ರಯಾಣಿಕರ ಕೈಗೆ ಪ್ರಮಾಣಪತ್ರ ಕೊಟ್ಟರು. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ಆಕಾಶವನ್ನು ನಮ್ಮ ವಿಮಾನಗಳಿಗೆ ಮುಚ್ಚಿದಾಗ ದೆಹಲಿಯಿಂದ ಪಶ್ಚಿಮಕ್ಕೆ ಹೊರಟವರ ಗಂಟೆಗಳೂ ಉದ್ದವಾದವು. ಊರುಗಳು ಇದ್ದಲ್ಲೇ ಇದ್ದರೂ ನಡುವಿನ ಬಾಗಿಲುಗಳು ಮುಚ್ಚಿದಾಗ ನಂಟರ ಮನೆ ದೂರವಾಗುತ್ತದೆ.

ಆ ಉತ್ತರದ ಬರಡು ದಾರಿಯಲ್ಲಿ ಕೆಲವು ಊರುಗಳು ದೀಪದ ಹಾಗೆ ಕಾಯುತ್ತಿರುತ್ತವೆ. ಎರಡೇ ಎಂಜಿನ್ನಿನ ವಿಮಾನ, ಒಂದು ಕೆಟ್ಟರೆ ಇನ್ನೊಂದರಲ್ಲೇ ಗೊತ್ತುಮಾಡಿದ ಹೊತ್ತಿನೊಳಗೆ ತಲುಪಬಲ್ಲ ಒಂದು ನಿಲ್ದಾಣ ಯಾವಾಗಲೂ ಕೈಯಳತೆಯಲ್ಲಿರಬೇಕು. 2023ರ ಜೂನ್‌ನಲ್ಲಿ ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟ ವಿಮಾನದ ಎಂಜಿನ್ನಿನಲ್ಲಿ ತೊಂದರೆ ಕಂಡಾಗ ಅದು ಇಳಿದದ್ದು ರಷ್ಯಾದ ಪೂರ್ವ ತುದಿಯ ಮಗದಾನ್ ಎಂಬ ಊರಲ್ಲಿ. 216 ಪ್ರಯಾಣಿಕರು, 16 ಸಿಬ್ಬಂದಿ, ಎಲ್ಲರೂ ಕ್ಷೇಮ. ಅದರ ಹೆಸರನ್ನೇ ಕೇಳದಿದ್ದವರಿಗೆ ಅಂದು ಅದು ಆಸರೆಯ ಊರಾಯಿತು.

ದೂರ ಅಳೆಯುವುದೇ ಒಂದು ಜೀವಮಾನದ ಕೆಲಸವಾಗಿದ್ದ ಕಾಲವೂ ನಮ್ಮ ನೆಲದ್ದೇ. 1802ರಲ್ಲಿ ವಿಲಿಯಂ ಲ್ಯಾಂಬ್ಟನ್ ಮದರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಉಕ್ಕಿನ ಸರಪಳಿ ಹಾಸಿ ಭಾರತವನ್ನು ಅಳೆಯಲು ಶುರುಮಾಡಿದ. ಅರ್ಧ ಟನ್ ತೂಗುವ ಥಿಯೊಡೊಲೈಟ್ ಹೊತ್ತುಕೊಂಡು ತ್ರಿಕೋನದಿಂದ ತ್ರಿಕೋನಕ್ಕೆ, ಬೆಂಗಳೂರಿನ ಮೇಲೆ ಹಾದು ಮಂಗಳೂರು ಮುಟ್ಟುವ ಹೊತ್ತಿಗೆ ವರ್ಷಗಳೇ ಉರುಳಿದವು. ಸಿಕ್ಕ ಫಲ? ಮದರಾಸಿನಿಂದ ಮಂಗಳೂರಿಗೆ ಅಂದಿನ ನಕ್ಷೆಗಳು ಹೇಳುತ್ತಿದ್ದ 400 ಮೈಲಿ ತಪ್ಪು, ಇರುವುದು 360 ಮಾತ್ರ! ನಲವತ್ತು ಮೈಲಿ ನೆಲ ಕಾಗದದ ಮೇಲೆ ಮಾತ್ರ ಇತ್ತು. ಇಂದು ಯಾವ ಎರಡು ನಿಲ್ದಾಣಗಳ ಹೆಸರು ಒತ್ತಿದರೂ ಮೊಬೈಲು ರೆಪ್ಪೆ ಬಡಿಯುವುದರೊಳಗೆ ಅಂತರ ಹೇಳುತ್ತದೆ. ಆ ರೆಪ್ಪೆಯ ಹಿಂದೆ ಎಷ್ಟು ಜನ ಸರಪಳಿ ಎಳೆದಿದ್ದಾರೆ!

ಇಷ್ಟು ದೂರದ ಮಾತಾಡಿದ ಮೇಲೆ ಅತಿ ಹತ್ತಿರದ್ದನ್ನೂ ಹೇಳಿಬಿಡುತ್ತೇನೆ. ಸ್ಕಾಟ್‌ಲ್ಯಾಂಡಿನ ಉತ್ತರಕ್ಕೆ ಆರ್ಕ್ನಿ ದ್ವೀಪಗಳಿವೆ. ಅಲ್ಲಿನ ವೆಸ್ಟ್ರೆಯಿಂದ ಪಾಪಾ ವೆಸ್ಟ್ರೆಗೆ 1967ರಿಂದ ಪುಟ್ಟ ವಿಮಾನ ಹಾರುತ್ತಿದೆ. ದೂರ 2.7 ಕಿಲೋಮೀಟರ್. ಹೊತ್ತು ಎರಡು ನಿಮಿಷದೊಳಗೆ. ಗಾಳಿ ಒಲಿದ ಒಂದು ದಿನ 53 ಸೆಕೆಂಡಿನಲ್ಲೇ ಮುಗಿದಿದೆ. ದೇವನಹಳ್ಳಿಯ ರನ್‌ವೇ ಒಂದರ ಉದ್ದ 4 ಕಿಲೋಮೀಟರ್. ಅಂದರೆ ಆ ಇಡೀ ಪ್ರಯಾಣ, ಏರುವುದು, ಸಮುದ್ರ ದಾಟುವುದು, ಇಳಿಯುವುದು, ಎಲ್ಲವೂ ನಮ್ಮ ಒಂದು ರನ್‌ವೇಯೊಳಗೆ ಹಿಡಿಸಿ ಮಿಗುತ್ತದೆ!

2023ರ ಡಿಸೆಂಬರಿನ ಆ ದಿನ ನಮ್ಮ ಬೆಳಿಗ್ಗೆ ಹತ್ತರ ಹೊತ್ತಿಗೆ ಅಕ್ಕನ ವಿಮಾನ ನೆಲ ಬಿಟ್ಟಿತು. ಅಮ್ಮ ಗ್ಲೋಬನ್ನು ಊಟದ ಮೇಜಿನ ಮೇಲಿಟ್ಟು, ತಮ್ಮ ಅಗಲವಾದ ಮೆರೂನ್ ಸ್ಟಿಕ್ಕರ್ ಬೊಟ್ಟೊಂದನ್ನು ಸ್ಯಾನ್ ಫ್ರಾನ್ಸಿಸ್ಕೊ ಮೇಲೆ ಅಂಟಿಸಿದರು. ನಾನು ಮೊಬೈಲಿನಲ್ಲಿ ವಿಮಾನ ಎಲ್ಲಿದೆ ಎಂದು ನೋಡಿ ಗಂಟೆಗೊಮ್ಮೆ ಹೇಳುವುದು, ಅವರು ಬೊಟ್ಟು ಕಿತ್ತು ಸರಿಸುವುದು. ಅನ್ನಕ್ಕಿಡುವಾಗ ಬೊಟ್ಟು ಕೆನಡಾದ ಮೇಲಿತ್ತು. ಸಂಜೆ ದೀಪ ಹಚ್ಚುವಾಗ ಆರ್ಕ್ಟಿಕ್‌ನ ಬಿಳಿಯಲ್ಲಿ ಒಂಟಿಯಾಗಿ ಕೂತಿತ್ತು. ಅಮ್ಮ ಅದನ್ನೇ ನೋಡುತ್ತ “ಅಲ್ಲಿ ಚಳಿ ಎಷ್ಟಿರಬಹುದು” ಎಂದರು. ಇಬ್ಬರೂ ಮಲಗಲಿಲ್ಲ. ರಷ್ಯಾ ಹೋಯಿತು, ಮಧ್ಯ ಏಷ್ಯಾ ಹೋಯಿತು, ಅರಬ್ಬಿ ಸಮುದ್ರ ಬಂತು. ಬೆಳಗಿನ ಜಾವ ಮೂರೂ ಕಾಲಿಗೆ ವಿಮಾನ ದೇವನಹಳ್ಳಿಯಲ್ಲಿ ಇಳಿಯಿತು. ಅಮ್ಮ ಬೊಟ್ಟನ್ನು ಬೆಂಗಳೂರಿನ ಮೇಲಿಟ್ಟು ಬೆರಳಿಂದ ಒತ್ತಿದರು.

“ಬಂದಾಯ್ತು” ಎಂದು ಎದ್ದು ಸೀರೆ ನೆರಿಗೆ ಸರಿಮಾಡಿಕೊಂಡರು.

“ಇನ್ನೂ 350 ಕಿಲೋಮೀಟರ್ ಕಾರಲ್ಲಿ ಬರಬೇಕಮ್ಮ. ಏಳೆಂಟು ಗಂಟೆ ಇದೆ.”

ಅಮ್ಮ ಮತ್ತೆ ಬಗ್ಗಿ ನೋಡಿದರು. ಗ್ಲೋಬಿನ ಮೇಲೆ ದೇವನಹಳ್ಳಿಗೂ ತೀರ್ಥಹಳ್ಳಿಗೂ ನಡುವೆ ಇದ್ದದ್ದು ಆರು ಮಿಲಿಮೀಟರ್ ಅಷ್ಟೇ. ಬೊಟ್ಟು ಎರಡನ್ನೂ ಮುಚ್ಚಿತ್ತು. “ಎಲ್ಲಿ? ಇಲ್ಲೇ ಇದ್ದಾಳಲ್ಲ” ಎಂದು ಹೇಳಿ, ಬಚ್ಚಲ ಒಲೆಗೆ ಬೆಂಕಿ ಹಾಕಲು ಹೋದರು.